ಜಲ್ಡಿಯ ಹಿಂದುಗಡೆ

ನಮ್ಮ ಮನೆಯ ಎರಡು ಕೋಣೆಗಳ ನಡುವೆ ಇದ್ದದ್ದು ಗೋಡೆಯಲ್ಲ, ತಟ್ಟಿ. ಸೀಳಿದ ಬಿದಿರನ್ನು ಹೆಣೆದು, ಎರಡೂ ಬದಿಗೆ ಮಣ್ಣು ಮೆತ್ತಿ, ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದ ತಟ್ಟಿ. ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ ಕೆಲಸದವರಿಗೆಂದು ಕಂಪನಿ ಕಟ್ಟಿಸಿದ ಲೈನಿನಲ್ಲಿ ಎಲ್ಲರ ಮನೆಯೂ ಹಾಗೆಯೇ ಇತ್ತು. ಮುಂದೊಂದು ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ತಗಡು ಇಳಿಸಿದ ಒಂದು ಜಗಲಿ. ಮುಂದಿನ ಕೋಣೆ ಅಪ್ಪನದು, ಹಿಂದಿನದು ಅಮ್ಮನದು ಎಂದು ಯಾರೂ ಬರೆದುಕೊಟ್ಟಿರಲಿಲ್ಲ, ಆದರೂ ಹಾಗೇ ನಡೆದುಹೋಗಿತ್ತು. ಒಬ್ಬಳೇ ಮಗಳಾದ ನಾನು ಎರಡೂ ಕಡೆ ಓಡಾಡಿಕೊಂಡಿದ್ದೆ. ನಾಲ್ಕನೆಯ ಕ್ಲಾಸು ಮುಗಿಯುವ ಹೊತ್ತಿಗೆ ಮುಂದಿನ ಕೋಣೆಯ ಪಕ್ಷ ಸೇರಿಬಿಟ್ಟೆ. ಅದರಿಂದ ಅಮ್ಮ ಏನು ಕಳೆದುಕೊಂಡಳು ಎಂಬುದು ನನಗೆ ಅರ್ಥವಾಗಲು ಸುಮಾರು ಐವತ್ತು ವರ್ಷ ಬೇಕಾಯಿತು.

ಅಪ್ಪ ಗಣಿಯ ವೈಂಡಿಂಗ್ ಎಂಜಿನ್ ಮನೆಯಲ್ಲಿ ಎಲೆಕ್ಟ್ರಿಷಿಯನ್. ಕೆಲಸದವರನ್ನು ನೆಲದಡಿಗೆ ಇಳಿಸಿ, ಮತ್ತೆ ಮೇಲಕ್ಕೆಳೆಯುವ ಯಂತ್ರದ ಕರೆಂಟು ನೋಡಿಕೊಳ್ಳುತ್ತಿದ್ದ. ದಿನವೆಲ್ಲ ಆ ಗದ್ದಲದಲ್ಲಿದ್ದು ಬರುತ್ತಿದ್ದುದರಿಂದಲೋ ಏನೋ, ಮನೆಯಲ್ಲಿ ಅವನ ಮಾತು ಕಡಿಮೆ. ಅಮ್ಮ ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ; ಬಂಗಾರದ ಊರಿಗೆ ಸೊಸೆಯಾಗಿ ಬಂದರೂ ಅಮ್ಮ ಬೆಳ್ಳಿಯನ್ನು ಕೈಬಿಟ್ಟವಳಲ್ಲ. ನಲ್ಲಿಯ ಸಾಲಿನಲ್ಲಿ ಜಗಳ, ರಾಬರ್ಟ್‌ಸನ್‌ಪೇಟೆಯ ಸಂತೆಯಲ್ಲಿ ಸೊಪ್ಪಿನವಳ ಹತ್ತಿರ ಜಗಳ, ಬೇಡಿಕೊಂಡದ್ದು ನಡೆಯದಿದ್ದರೆ ದೇವರ ಪಟದ ಮುಂದೆಯೂ ಜಗಳ. ಸಾರಿಗೆ ಉಪ್ಪು ಕಡಿಮೆ ಎಂದು ಅಪ್ಪ ಬಾಯಿ ತೆರೆದರೆ ಉಪ್ಪಿನ ಮಡಕೆಯನ್ನೇ ತಂದು ಅವನ ತಟ್ಟೆಯ ಪಕ್ಕ ಕುಕ್ಕುತ್ತಿದ್ದಳು. ಅಪ್ಪ ತಲೆ ಬಗ್ಗಿಸಿ ನಗುತ್ತಿದ್ದ. ನಮ್ಮ ಮನೆಯಲ್ಲಿ ಜಗಳವೆಂದರೆ ಯಾರಿಗೂ ಭಯವಿರಲಿಲ್ಲ.

ಒಬ್ಬ ಆಫೀಸರು ಊರು ಬಿಟ್ಟು ಹೋಗುವಾಗ ತಮ್ಮ ಬಂಗಲೆಯ ಸಾಮಾನನ್ನೆಲ್ಲ ಹರಾಜು ಹಾಕಿಸಿದರು. ಕುರ್ಚಿ, ಮಂಚ, ಪಿಂಗಾಣಿ ಎಲ್ಲ ಖರ್ಚಾಗಿ ಕೊನೆಗೆ ಉಳಿದದ್ದು ಕೆಟ್ಟುಹೋಗಿದ್ದ ಒಂದು ಜೊತೆ ಲೌಡ್‌ಸ್ಪೀಕರು, ಹಾಡಿನ ಪ್ಲೇಟು ಹಾಕುವ ಒಂದು ಮೆಷಿನ್ನು, ಏಳೆಂಟು ಪ್ಲೇಟುಗಳು. ಅಪ್ಪ ಅವನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದ. ಸ್ಪೀಕರುಗಳು ಪೆಟ್ಟಿಗೆಯ ಹಾಗಿರಲಿಲ್ಲ. ಸೊಂಟದೆತ್ತರದ, ಅಗಲವಾದ, ತುಸು ಬಾಗಿದ ಎರಡು ಹಲಗೆಗಳು; ಮುಂದೆ ಸಣ್ಣ ಸಣ್ಣ ತೂತಿನ ಹಿತ್ತಾಳೆ ಬಣ್ಣದ ತಗಡು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಇದ್ಯಾವ್ದು ಇಷ್ಟ್ ದೊಡ್ ಜಲ್ಡಿ? ಆ ದೊರೆಸಾನಿ ಇದ್ರಾಗೆ ರಾಗಿ ಇಟ್ಟು ಜಲ್ಡಿ ಇಡೀತಿದ್ಲಾ?"

ನಮ್ಮ ಕಡೆ ಜರಡಿಗೆ ಜಲ್ಡಿ ಅನ್ನುತ್ತಾರೆ. ಅಂದಿನಿಂದ ಅವಕ್ಕೆ ಅದೇ ಹೆಸರಾಯಿತು. ಎಲೆಕ್ಟ್ರೋಸ್ಟಾಟಿಕ್ ಎಂಬ ನಿಜವಾದ ಹೆಸರನ್ನು ನಾನು ಕಲಿತದ್ದು ಕಾಲೇಜಿಗೆ ಹೋದ ಮೇಲೆ. ಅಪ್ಪ ಎರಡು ವಾರ ಅವನ್ನು ಬಿಚ್ಚಿಕೊಂಡು ಕೂತ. ಬೇರೆ ಸ್ಪೀಕರುಗಳಲ್ಲಿರುವ ಕಾಗದದ ಬೋಗುಣಿ ಇವುಗಳಲ್ಲಿರಲಿಲ್ಲ. ಈರುಳ್ಳಿಯ ಒಳಸಿಪ್ಪೆಗಿಂತ ತೆಳುವಾದ ಒಂದು ಹಾಳೆ, ಅದರ ಹಿಂದೆ ಮುಂದೆ ತೂತು ಕೊರೆದ ಎರಡು ಪಟ್ಟಿ. ಆ ಹಾಳೆಗೆ ಸಾವಿರಾರು ವೋಲ್ಟಿನ ಕರೆಂಟು ಏರಿಸಿದರೆ ಅದು ಎರಡು ಪಟ್ಟಿಗಳ ನಡುವೆ ನಡುಗಿ ಹಾಡುತ್ತದೆ. ಮುಂದಕ್ಕೆ ಎಷ್ಟು ಹಾಡುತ್ತದೋ ಹಿಂದಕ್ಕೂ ಅಷ್ಟೇ. ವೋಲ್ಟಿನ ಸುದ್ದಿ ಕೇಳಿ, ಮನೆಯೊಳಗೆ ಯಮನನ್ನು ತಂದು ಕೂರಿಸಿದ್ದೀರಿ ಎಂದು ಅಮ್ಮ ಒಂದು ದಿನವೆಲ್ಲ ಕೂಗಾಡಿದಳು. ಆದರೂ ಆಯುಧಪೂಜೆಯ ದಿನ ಯಮನಿಗೂ ಮರ್ಯಾದೆ ಮಾಡಬೇಕೆಂದು ಕುಂಕುಮದ ಬಟ್ಟಲು ಹಿಡಿದು ಹೊರಟಳು. ಕುಂಕುಮದ ಪುಡಿ ಒಳಗೆ ಬಿದ್ದರೆ ಹಾಳೆ ಸುಟ್ಟುಹೋಗುತ್ತದೆಂದು ಅಪ್ಪ ಅಡ್ಡ ನಿಂತ. ಕೊನೆಗೆ ಮರದ ಅಂಚಿಗೆ ಮಾತ್ರ ಒಂದೊಂದು ಬೊಟ್ಟು ಇಡುವುದೆಂದು ರಾಜಿಯಾಯಿತು.

ಸ್ಪೀಕರು ರಿಪೇರಿಯಾದ ಮೇಲೆ ಶುರುವಾದದ್ದು ಕೋಣೆಯ ತಾಪತ್ರಯ. ಬಂಗಲೆಯ ಹಾಲಿಗೆಂದು ಮಾಡಿದ ವಸ್ತು ನಮ್ಮ ಹತ್ತಡಿ ಕೋಣೆಗೆ ಒಗ್ಗಲಿಲ್ಲ. ನೆಲದ ಮೇಲಿಟ್ಟರೆ ಹಾಡೆಲ್ಲ ಮಂಡಿಗೆ ಕೇಳಿಸುತ್ತಿತ್ತು. ಅಪ್ಪ ಗಣಿಯ ಹಳೆಯ ಮರದ ತುಂಡು ತಂದು ಕಾಲು ಮಾಡಿ ಎತ್ತರಿಸಿದ. ಗೋಡೆಗೆ ಹತ್ತಿರವಿಟ್ಟರೆ ಹಿಂದಕ್ಕೆ ಹೋದ ದನಿ ಗೋಡೆಗೆ ಬಡಿದು ವಾಪಸು ಬಂದು, ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಆಗುತ್ತಿತ್ತು. ಗೋಡೆಯಿಂದ ಮೂರಡಿ ಮುಂದಕ್ಕೆ ತಂದರೆ ಮಂಚಕ್ಕೆ ಜಾಗವಿಲ್ಲ. ನಾಲ್ಕು ಭಾನುವಾರ ಅವನ್ನು ಆ ಮೂಲೆಯಿಂದ ಈ ಮೂಲೆಗೆ ಹೊತ್ತು ಸುತ್ತಿದ ಅಪ್ಪ ಐದನೆಯ ಭಾನುವಾರ ಗರಗಸ ತಂದು ತಟ್ಟಿಯಲ್ಲಿ ಎರಡು ಕಿಟಕಿ ಕೊಯ್ದ. ಕಿಟಕಿಗೊಂದರಂತೆ ಜಲ್ಡಿಗಳನ್ನು ನಿಲ್ಲಿಸಿದ. ಮುಖ ಮುಂದಿನ ಕೋಣೆಗೆ, ಬೆನ್ನು ಅಡುಗೆಮನೆಗೆ. ಪ್ಲೇಟು ಹಾಕಿದ. ಒಬ್ಬ ಹೆಣ್ಣುಮಗಳು ನುಡಿಸಿದ ವೀಣೆ. ಮಂಚದ ತುದಿಯಲ್ಲಿ ಯಾರೋ ಬಂದು ಕೂತು ನುಡಿಸಿದಂತಾಗಿ ನಾನು ತಿರುಗಿ ನೋಡಿದೆ.

ಆದರೆ ಅಡುಗೆಮನೆಯಲ್ಲಿ ಸೌದೆ ಒಲೆಯಿತ್ತು. ಹೊಗೆಯೂ ಮಸಿಯೂ ಹಾಳೆಗೆ ಕೂತರೆ ಮೂರೇ ತಿಂಗಳಲ್ಲಿ ಸತ್ತುಹೋಗುತ್ತದೆ. ಇಷ್ಟೆಲ್ಲ ಮಾಡಿದ್ದು ದಂಡವಾಯಿತೆಂದು ಅಪ್ಪ ಜಲ್ಡಿಗಳನ್ನು ಕಿತ್ತು ಗೋಣಿಚೀಲ ಹೊದಿಸಿಟ್ಟ. ಮಾರನೆಯ ದಿನ ನಾನು ಶಾಲೆಯಿಂದ ಬಂದಾಗ ಅಡುಗೆಮನೆಯಲ್ಲಿ ಒಲೆ ಇರಲಿಲ್ಲ. ಅಮ್ಮ ಅದನ್ನು ಒಡೆದು, ಹಿಂದಿನ ಜಗಲಿಯಲ್ಲಿ ತಗಡಿನ ಕೆಳಗೆ ಹೊಸದಾಗಿ ಮಣ್ಣು ಕಲಸಿ ಹಾಕಿದ್ದಳು. ಕೈಯೆಲ್ಲ ಕೆಸರು. ಅಪ್ಪ ಬಂದು ನೋಡಿ ಬೆರಗಾದ.

"ಮಳೆ ಬಂದ್ರೆ ಏನ್ಮಾಡ್ತೀಯ?"

"ನೆನ್ಕೊಂಡ್ ಮಾಡ್ತೀನಿ. ಒಗೆ ಆಚೆ ಓಯ್ತದೆ. ಆ ಜಲ್ಡಿ ಎತ್ತಿ ಇಡ್ರಿ ಮೊದ್ಲು, ನಿನ್ನೆ ವೀಣೆ ಅರ್ಧಕ್ಕೆ ನಿಂತೋಯ್ತು."

ತನಗೆ ವೀಣೆ ಬೇಕೆಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. ಅಪ್ಪ ಕೇಳಿಸಿಕೊಂಡನೋ ಇಲ್ಲವೋ. ನಾನಂತೂ ಒಲೆ ಹೊರಗೆ ಹೋದದ್ದು ಅಪ್ಪನ ಯಂತ್ರಕ್ಕಾಗಿ ಎಂದೇ ತಿಳಿದೆ.

ಮುಂದಿನ ಎರಡು ವರ್ಷ ನಮ್ಮ ಮನೆಯ ಒಳ್ಳೆಯ ಕಾಲ. ಅಪ್ಪ ಡ್ಯೂಟಿ ಮುಗಿಸಿ ಬಂದು, ಕಾಫಿ ಕುಡಿದು, ಪ್ಲೇಟು ಒರೆಸಿ ಹಾಕುತ್ತಿದ್ದ. ಈ ಜಲ್ಡಿಗಳದ್ದೊಂದು ಗುಣ: ಎಲ್ಲ ಕಡೆಯೂ ಒಂದೇ ಥರ ಕೇಳಿಸುವುದಿಲ್ಲ. ಎರಡಕ್ಕೂ ಸಮದೂರದ ಒಂದು ಜಾಗದಲ್ಲಿ ಕೂತವರಿಗೆ ಮಾತ್ರ ವೀಣೆ ನಡುವೆ ಬಂದು ನಿಲ್ಲುತ್ತದೆ. ಒಂದು ಮೊಳ ಈಚೆ ಸರಿದರೆ ಬರೀ ಸದ್ದು. ಆ ಜಾಗದಲ್ಲಿ ಅಪ್ಪನ ಕುರ್ಚಿ, ಅದರ ಕಾಲಿನ ಹತ್ತಿರ ನಾನು. ಅಡುಗೆಮನೆಯಲ್ಲಿ ಅಮ್ಮ ರಾಗಿ ಬೀಸುವ ಕಲ್ಲನ್ನು ಮೂಲೆಯಿಂದ ಎಳೆದು ನಟ್ಟನಡುವೆ, ಓಡಾಡುವ ದಾರಿಗೆ ಅಡ್ಡವಾಗಿ ಹಾಕಿಕೊಂಡಳು. ಕತ್ತಲಲ್ಲಿ ಎಡವಿದ ಅಪ್ಪ ರೇಗಿದರೂ ಕದಲಿಸಲಿಲ್ಲ. ಹಿಂದುಗಡೆಯೂ ಅಂಥದೇ ಒಂದು ಜಾಗವಿರುತ್ತದೆ, ಅಮ್ಮ ಅದನ್ನು ಯಾರೂ ಹೇಳಿಕೊಡದೆ ಹುಡುಕಿಕೊಂಡಿದ್ದಳು ಎಂಬುದು ಆಗ ನಮಗಿಬ್ಬರಿಗೂ ಹೊಳೆಯಲಿಲ್ಲ. ಪ್ಲೇಟು ಶುರುವಾದರೆ ಅವಳು ಬೀಸುವುದನ್ನು ನಿಲ್ಲಿಸಿ ಕಲ್ಲಿನ ಗೂಟ ಹಿಡಿದು ಸುಮ್ಮನೆ ಕೂರುತ್ತಿದ್ದಳು. ಪಕ್ಕದ ಮನೆಯ ಮೇರಿಯಕ್ಕನೂ ಹಿತ್ತಿಲ ಬಾಗಿಲಿಂದ ಬಂದು ಸೇರುತ್ತಿದ್ದಳು. ಮೊದಲ ದಿನ ಅವಳು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಿದ್ದಳು.

"ಪೇಯಿ ಬಂದು ಬಾರಿಸ್ದಂಗೆ ಐತೆ ಅಕ್ಕಾ. ಆಳೇ ಕಾಣ್ಸಲ್ಲ."

"ದೆವ್ವ ಅಲ್ಲ ಕಣೇ, ಎಣ್ಣುಮಗಳು. ಕಿವಿ ಕೊಟ್ಟು ಕೇಳು, ಬೆರಳು ತಂತಿ ಮ್ಯಾಗೆ ಜಾರೋದು ಕೇಳುಸ್ತದೆ. ಅವ್ಳ ಬೆರಳೂ ನಮ್ಮಂಗೇ ಕಾಯಿ ಕಟ್ಟೈತೆ."

ವೀಣೆಯವಳ ಬೆರಳು ಜಡ್ಡುಗಟ್ಟಿರುವುದನ್ನು ಸದ್ದಿನಿಂದ ಹೇಳಿದಳಲ್ಲ, ಅದು ಎಂಥ ಕಿವಿ! ಆದರೆ ಮನೆಯಲ್ಲಿ ಕಿವಿಯ ಹೆಸರು ಬಂದದ್ದು ನನಗೆ. ಅಪ್ಪ ನನ್ನ ಕಣ್ಣಿಗೆ ಟವೆಲು ಕಟ್ಟಿ, ಜಲ್ಡಿಯನ್ನು ಎರಡು ಬೆರಳಷ್ಟು ತಿರುಗಿಸಿ, ಏನಾಯಿತು ಹೇಳು ಅನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಬಲಗಡೆಯದು ಮಂಕಾಗಿದೆ ಅಂದರೆ ಬಿಚ್ಚಿ ನೋಡುತ್ತಿದ್ದ. ನಿಜವಾಗಿಯೂ ಅಲ್ಲೊಂದು ತಂತಿಯ ಬೆಸುಗೆ ಸಡಿಲವಾಗಿರುತ್ತಿತ್ತು. ಎಂಜಿನ್ ಮನೆಯಲ್ಲಿ ಎಲ್ಲರಿಗೂ ಅದೇ ಸುದ್ದಿ. ಮಾತೇ ಆಡದ ಮನುಷ್ಯ ನನ್ನ ಕಿವಿಯ ಬಗ್ಗೆ ಮಾತಾಡತೊಡಗಿದ. ಆ ಹೊಗಳಿಕೆ ನನ್ನ ತಲೆಗೇರಿತು. ಎಲ್ಲದರಲ್ಲೂ ಐಬು ಹುಡುಕುವ ಚಾಳಿ ನನಗೆ ಅಂಟಿದ್ದು ಅಲ್ಲೇ. ಮುಂದೆ ಬಂಗಾರಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿ ಮೂವತ್ತು ವರ್ಷ ಮಕ್ಕಳನ್ನು ಹುರಿದು ಮುಕ್ಕಿದ್ದೂ ಅದೇ ಚಾಳಿಯಿಂದ. ತಪ್ಪು ಎಲ್ಲಿದೆ ಎಂದು ಹೇಳಿದರೆ ಪ್ರೀತಿ ಸಿಗುತ್ತದೆ ಎಂದು ನಾನು ಹತ್ತು ವರ್ಷಕ್ಕೇ ಕಲಿತುಬಿಟ್ಟಿದ್ದೆ.

ಅಪ್ಪನಿಗೆ ಒಂದು ಕೊರಗು ಉಳಿದಿತ್ತು. ವೀಣೆಯ ಪ್ರತಿ ಮೀಟಿನ ಬೆನ್ನಿಗೆ ಇನ್ನೊಂದು ಮೀಟು, ನೆರಳಿನಂತೆ, ತೀರ ಸಣ್ಣಗೆ ಕೇಳಿಸುತ್ತಿತ್ತು. ವೋಲ್ಟು ಇಳಿಸಿದ, ಕಾಲು ಎತ್ತರಿಸಿದ, ಚಾವಣಿಗೆ ಗೋಣಿ ಕಟ್ಟಿದ. ಹೋಗಲಿಲ್ಲ. ಒಂದು ಸಂಜೆ ಅವನು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ನಾನು ಕಿಟಕಿಯ ಹತ್ತಿರ ಹೋಗಿ ಕಿವಿಯಿಟ್ಟೆ. ಅಡುಗೆಮನೆಯಲ್ಲಿ ಅಮ್ಮನೂ ಮೇರಿಯಕ್ಕನೂ ಏನೋ ಪಿಸುಗುಟ್ಟಿ ನಗುತ್ತಿದ್ದರು. ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು: ನೆರಳು ಹಿಂದಿನಿಂದ ಬರುತ್ತಿದೆ ಎಂದು ನನಗೆ ಕೇಳಿಸಿದ್ದು ನಿಜ, ಆದರೆ ಆ ಹೆಂಗಸರ ನಗು ನನಗೆ ಬೇಡವಾಗಿದ್ದದ್ದೂ ಅಷ್ಟೇ ನಿಜ. ನಾನು, ಅಪ್ಪ, ವೀಣೆ ಮೂವರೇ ಇರಬೇಕು ಅನ್ನಿಸಿತ್ತು.

"ಅಪ್ಪಾ, ಇಂದ್ಗಡೆಯಿಂದ ಬತ್ತೈತೆ ಅದು. ಇಂದ್ಗಡೆ ಮುಚ್ಬುಟ್ರೆ ಸರಿಯೋಯ್ತದೆ."

ಅಪ್ಪ ನನ್ನನ್ನೇ ನೋಡಿದ. ಎದ್ದು ಅಡುಗೆಮನೆಗೆ ಹೋಗಿ ಅಮ್ಮನ ಪೆಟ್ಟಿಗೆಯಿಂದ ಕಂಬಳಿ ತಂದ. ಅದು ಅವಳ ತವರಿನಿಂದ ಬಂದ, ಕುರುಬರು ನೇಯ್ದ ಕರಿಯ ಕಂಬಳಿ. ಅದನ್ನು ಎರಡು ಮಡಿಕೆ ಮಾಡಿ ಒಂದು ಜಲ್ಡಿಯ ಬೆನ್ನಿಗೆ ಹಿಡಿದು, ಇನ್ನೊಂದಕ್ಕೆ ಹಾಸಿಗೆ ಆನಿಸಿ, ಪ್ಲೇಟು ಹಾಕು ಅಂದ. ನೆರಳು ಹೋಗಿತ್ತು. ಅಪ್ಪ ನನ್ನನ್ನು ಎತ್ತಿಕೊಂಡು ಕೋಣೆಯಲ್ಲಿ ಒಂದು ಸುತ್ತು ಹಾಕಿದ. ಹತ್ತು ವರ್ಷದ ಹುಡುಗಿಯನ್ನು ಯಾರು ಎತ್ತಿಕೊಳ್ಳುತ್ತಾರೆ? ಅಷ್ಟು ಖುಷಿ ಅವನಿಗೆ. ಆ ವಾರವೇ ಕಂಬಳಿಯನ್ನು ಎರಡಾಗಿ ಕತ್ತರಿಸಿ, ಮರದ ಚೌಕಟ್ಟಿಗೆ ಬಿಗಿದು, ಒಳಗೆ ಉಣ್ಣೆಯ ಚೂರು ತುಂಬಿ, ಎರಡು ಕಿಟಕಿಗೂ ಅಡುಗೆಮನೆಯ ಕಡೆಯಿಂದ ಮೊಳೆ ಹೊಡೆದ.

ಅಮ್ಮ ರಂಪ ಮಾಡುತ್ತಾಳೆ ಎಂದು ನಾನು ಕಾದೆ. ತವರಿನ ಕಂಬಳಿ ಕತ್ತರಿಸಿದರೆ ಯಾವ ಹೆಂಗಸು ಸುಮ್ಮನಿರುತ್ತಾಳೆ? ಉಪ್ಪಿಗೆ ಜಗಳವಾಡುವವಳು ಇದಕ್ಕೆ ಊರನ್ನೇ ಎಬ್ಬಿಸಬೇಕಿತ್ತು. ಅವಳು ಮೊಳೆಗಳನ್ನು ಒಂದೊಂದಾಗಿ ಎತ್ತಿ ಅಪ್ಪನ ಕೈಗೆ ಕೊಟ್ಟಳು. ಎಲ್ಲ ಮುಗಿದ ಮೇಲೆ ಚೌಕಟ್ಟನ್ನು ಒಮ್ಮೆ ಕೈಯಿಂದ ಸವರಿ ನೋಡಿದಳು.

"ಇನ್ನು ಒಗೆ ತಾಕಲ್ಲ ಅಲ್ವಾ? ಒಲೆ ಒಳಗ್ ತಂದ್ಕೋತೀನಿ."

ಎರಡೇ ದಿನದಲ್ಲಿ ಒಲೆ ಒಳಗೆ ಬಂತು. ಬೀಸುವ ಕಲ್ಲು ಮೂಲೆಗೆ ಹೋಯಿತು. ಮೇರಿಯಕ್ಕ ಸಂಜೆ ಬರುವುದನ್ನು ನಿಲ್ಲಿಸಿದಳು. ಮಳೆಯಲ್ಲಿ ನೆನೆಯುವುದು ತಪ್ಪಿತೆಂದು ಅಮ್ಮನಿಗೆ ಸಂತೋಷವಾಗಿದೆ ಎಂದೇ ನಾನು ಅಂದುಕೊಂಡೆ. ಬಂದು ಕೇಳು ಎಂದು ಅಪ್ಪ ಒಂದೆರಡು ಸಲ ಕರೆದ. ಕರೆದವನು ಕುರ್ಚಿಯಿಂದ ಏಳಲಿಲ್ಲ, ನಾನೂ ಸರಿಯಲಿಲ್ಲ. ಕೆಲಸ ಐತೆ ಅಂದಳು. ಅವಳು ಬಾಗಿಲಲ್ಲಿ ನಿಂತು ಕೇಳಿದ್ದರೂ ಅಲ್ಲಿಗೆ ಬರುತ್ತಿದ್ದದ್ದು ಬರೀ ಸದ್ದು.

ಗಣಿ ಮುಚ್ಚಿದ ಮೇಲೆ ನಾವು ಬಂಗಾರಪೇಟೆಗೆ ಬಂದೆವು. ಅಪ್ಪ ತೀರಿಹೋಗಿ ಎಂಟು ವರ್ಷವಾಯಿತು. ಜಲ್ಡಿಗಳು ಅಟ್ಟದ ಮೇಲಿದ್ದವು. ನಾನು ರಿಟೈರಾದ ಮೇಲೆ ಕೈ ಸುಮ್ಮನಿರಲಾರದೆ ಅವನ್ನು ಇಳಿಸಿದೆ. ಹಾಳೆ ಹರಿದಿತ್ತು, ತೂತು ತಗಡಿನೊಳಗೆ ಬಂಗಾರ ತೆಗೆದ ಮೇಲೆ ಉಳಿದ ಮಣ್ಣು ಸುರಿದು ಬೆಳೆದ ನಮ್ಮೂರಿನ ಸೈನೈಡ್ ದಿಬ್ಬದ ಬೂದುಬಣ್ಣದ ಧೂಳು ಮೆತ್ತಿಕೊಂಡಿತ್ತು. ಎಂಟು ತಿಂಗಳು ಹಿಡಿಯಿತು ಹಾಳೆ ಬದಲಿಸಿ ಎಬ್ಬಿಸಲು. ಕಂಬಳಿ ನುಸಿ ತಿಂದು ಉದುರಿಹೋಗಿದ್ದರಿಂದ ಹಿಂದುಗಡೆ ತೆರೆದೇ ಇಟ್ಟು, ಹಾಲಿನ ನಡುವೆ ನಿಲ್ಲಿಸಿದೆ. ಅದೇ ವೀಣೆಯ ಪ್ಲೇಟು ಹಾಕಿದೆ. ಅದೇ ನೆರಳು ಕೇಳಿಸಿತು. ಆದರೆ ಈಗ ನನಗೆ ಹತ್ತು ವರ್ಷವಲ್ಲ. ಹಿಂದೆ ಹೋಗಿ ನೋಡಿದೆ. ಆಚೆಯ ಗೋಡೆಗೆ ಸ್ಟೀಲಿನ ಬೀರು ಇತ್ತು; ಹಿಂದಕ್ಕೆ ಹೋದ ದನಿ ಅದಕ್ಕೆ ಬಡಿದು ವಾಪಸು ಬರುತ್ತಿತ್ತು. ಅದರ ಮುಂದೆ ಒಂದು ಹಾಸಿಗೆ ನಿಲ್ಲಿಸಿದೆ ಅಷ್ಟೇ, ನೆರಳು ಮಾಯ. ಲೈನಿನ ಮನೆಯಲ್ಲೂ ಅಡುಗೆಮನೆಯ ಆಚೆಯ ಗೋಡೆಗೆ ಕಾಳಿನ ತಗಡಿನ ಡಬ್ಬಗಳು ಸಾಲಾಗಿ ಇದ್ದವು. ಡಬ್ಬಗಳ ಮೇಲೆ ಆ ಕಂಬಳಿಯನ್ನು ಹೊದಿಸಿದ್ದರೆ ಸಾಕಾಗಿತ್ತು. ಕತ್ತರಿಸುವುದೂ ಬೇಡ, ಮುಚ್ಚುವುದೂ ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆವು. ಊರೆಲ್ಲ ಹೊಗಳಿದ ಕಿವಿ ಐಬನ್ನು ಸರಿಯಾಗಿ ಕೇಳಿಸಿಕೊಂಡು, ಔಷಧ ತಪ್ಪು ಹೇಳಿತ್ತು. ಹಾಸಿಗೆಯ ಪಕ್ಕದಲ್ಲೇ ನೆಲಕ್ಕೆ ಕೂತೆ. ನಾಚಿಕೆಯಾಯಿತು, ಅಳು ಬಂತು.

ಅಮ್ಮ ನನ್ನ ಜೊತೆಗೇ ಇದ್ದಾಳೆ. ಎಂಬತ್ತು ದಾಟಿದೆ. ಮಧ್ಯಾಹ್ನ ಊಟವಾದ ಮೇಲೆ ಅವಳನ್ನು ಕೈಹಿಡಿದು ಕರೆತಂದು, ಜಲ್ಡಿಗಳ ಹಿಂದುಗಡೆ, ಎರಡಕ್ಕೂ ಸಮದೂರದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಪ್ಲೇಟು ಪೂರ್ತಿ ಮುಗಿಯುವವರೆಗೂ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು.

"ಚೆನ್ನಾಗೈತೆ. ಬೇರೆ ಪ್ಲೇಟಾ ಇದು?"

"ಅದೇ ಅಮ್ಮಾ."

"ಇರ್ಲಾರ್ದು. ಅದ್ರಾಗೆ ಸಣ್ಣ ಸಣ್ಣವು ಏನೇನೋ ಇದ್ವು."

ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಆ ಸಣ್ಣ ಸದ್ದುಗಳನ್ನೇ ಎಂದು ಮಕ್ಕಳಿಗೆ ವರ್ಷ ವರ್ಷವೂ ಪಾಠ ಹೇಳಿದವಳು ನಾನು. ಅದನ್ನು ಬಿಟ್ಟು, ಅವಳ ಕಾಲಿನ ಹತ್ತಿರ ಕೂತು ಬೇರೆಯದನ್ನೇ ಹೇಳಿದೆ.

"ಅಮ್ಮಾ, ಅವತ್ತು ಹಿಂದ್ಗಡೆ ಕಂಬ್ಳಿ ಹೊಡೆದು ಮುಚ್ಚಿದ್ರಲ್ಲ. ಮುಚ್ಚು ಅಂತ ಅಪ್ಪಂಗೆ ಹೇಳ್ದೋಳು ನಾನು."

"ಗೊತ್ತು ಬುಡು."

"ಅಪ್ಪ ಹೇಳಿದ್ನಾ?"

"ಅವ್ರ್ಯಾಕ್ ಏಳ್ತಾರೆ? ನಿನ್ ಗಂಟ್ಲೇನ್ ಸಣ್ಣದಾ? ಮೇರಿಗೂ ಕೇಳುಸ್ತು. ಅವ್ಳು ಎದ್ದೋದ್ಲು, ನಾನು ಅಲ್ಲೇ ಕೂತಿದ್ದೆ."

"ಮತ್ತೆ ಯಾಕ್ ಜಗಳ ಆಡ್ಲಿಲ್ಲ ನೀನು? ಎಲ್ಲಾದಕ್ಕೂ ಆಡ್ತಿದ್ದೆ."

ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟಳು.

"ನಿಮ್ಮಪ್ಪ ಅಂದಿದ್ರೆ ಆಡ್ತಿದ್ದೆ. ಆ ಚೌಕಟ್ಟು ಕಿತ್ತು ಒಲೆಗೆ ಆಕ್ತಿದ್ದೆ. ಅಂದೋಳು ನೀನಲ್ವಾ? ಆ ಮನುಷ್ಯ ನಿನ್ನ ಎತ್ಕೊಂಡು ಕುಣೀತಾವ್ರೆ. ನಾನು ಬಾಯಿ ಬುಟ್ಟಿದ್ರೆ ನಿನ್ನ ಕೆಳಿಕ್ಕೆ ಇಳಿಸ್ಬೇಕಾಗಿತ್ತು."

ಆಮೇಲೆ ಕೇಳಿದೆ.

"ನಿಂಗೆ ಬೇಜಾರಾಗ್ಲಿಲ್ವಾ ಅಮ್ಮಾ?"

"ಆಗ್ದೆ ಏನು," ಅಂದಳು. "ಬೋ ದಿನ ಇತ್ತು."